ಎಪ್ಪತ್ತಾರು ಹಳದಿ ಅಂಗಿಗಳ ವಿಲೇವಾರಿ

ಗುರಲಿಂಗಪ್ಪನವರು ತಮ್ಮ ಐವತ್ತೊಂದು ವರ್ಷದ ಆಯುಷ್ಯದಲ್ಲಿ ಒಂದೇ ಒಂದು ಸಲ ಪರಿಸರವನ್ನು ಉಳಿಸಲು ಹೋದರು. ಅದರಿಂದ ಪರಿಸರಕ್ಕೆ ಏನು ಲಾಭವಾಯಿತೆಂದು ಯಾರೂ ಹೇಳಲಾರರು. ಗುರಲಿಂಗಪ್ಪನವರಿಗೆ ಬಿದ್ದ ಪೆಟ್ಟುಗಳು ಮಾತ್ರ ವಿಜಯಪುರದ ಜಲನಗರದಲ್ಲಿ ಅವರ ಓಣಿಯವರಿಗೆಲ್ಲ ಬಾಯಿಪಾಠವಾಗಿವೆ.

ಅವರು ಸ್ಟೇಷನ್ ರಸ್ತೆಯಲ್ಲಿದ್ದ 'ತಿಳಿನೀರು' ಎಂಬ ಕಂಪನಿಯ ಶಾಖೆಯಲ್ಲಿ ಸ್ಟೋರ್ ಕೀಪರು. ಹಳ್ಳಿ, ವಸ್ತಿಗಳಲ್ಲಿ ಕೂಡಿಸಿದ ಕುಡಿಯುವ ನೀರಿನ ಫಿಲ್ಟರ್ ಯಂತ್ರಗಳನ್ನು ನೋಡಿಕೊಳ್ಳುವುದು ಕಂಪನಿಯ ಕೆಲಸ. ಯಂತ್ರದ ಬಿಡಿ ಭಾಗಗಳನ್ನು ಕಪಾಟಿನಲ್ಲಿ ನೋಡಿಕೊಳ್ಳುವುದು ಇವರ ಕೆಲಸ. ಈ ವರ್ಷ ಪುಣೆಯ ಹೆಡ್ ಆಫೀಸಿನವರಿಗೆ ಕಂಪನಿ ಹೊಸದಾಗಿ ಕಾಣಬೇಕು ಅನ್ನಿಸಿತು. ಹೊಸದಾಗಿ ಕಾಣುವುದಕ್ಕೆ ಎರಡು ದಾರಿ. ಒಂದು, ಯಂತ್ರ ರಿಪೇರಿ ಮಾಡಿಸುವುದು. ಇನ್ನೊಂದು, ಅಂಗಿ ಬದಲಿಸುವುದು. ಅವರು ಅಂಗಿ ಬದಲಿಸಿದರು.

ಮೂವತ್ತೆಂಟು ನೌಕರರ ಮೈಮೇಲಿನ ಹಳದಿ ಹೋಗಿ ನೀಲಿ ಬಂತು. ತಲೆಗೆ ಎರಡರಂತೆ ಎಪ್ಪತ್ತಾರು ಹಳದಿ ಅಂಗಿ ಉಳಿದವು. ಒಂದೊಂದರ ಬೆನ್ನ ಮೇಲೂ ದೊಡ್ಡದೊಂದು ನೀರಿನ ಹನಿ, ಅದರ ಕೆಳಗೆ 'ನಿಮ್ಮ ಸೇವೆಯಲ್ಲಿ' ಎಂಬ ಬರಹ, ಎದೆಯ ಕಿಸೆಯ ಮೇಲೆ ನೌಕರನ ಹೆಸರು. ಇವನ್ನು ಜವಾಬ್ದಾರಿಯಿಂದ ವಿಲೇವಾರಿ ಮಾಡಬೇಕೆಂದು ಪುಣೆಯಿಂದ ಆದೇಶ ಬಂತು. ಸುಡಕೂಡದು, ಹೊಗೆಯಾಗುತ್ತದೆ. ಹುಗಿಯಕೂಡದು, ಮಣ್ಣು ಕೆಡುತ್ತದೆ. ಕಂಡವರ ಕೈಗೆ ಕೊಡಕೂಡದು, ಅದನ್ನು ತೊಟ್ಟು ಯಾರಾದರೂ ತಾವೇ ಕಂಪನಿಯವರೆಂದು ಮೋಸ ಮಾಡಬಹುದು. ಹನಿ, ಹೆಸರು ಕತ್ತರಿಸಿ ತೆಗೆದು, ಉಳಿದ ಬಟ್ಟೆಯನ್ನು ಮತ್ತೊಂದು ಉಪಯೋಗಕ್ಕೆ ತಂದು, ಪ್ರಮಾಣಪತ್ರ ಕಳಿಸಬೇಕು. ಒಂದೇ ಒಂದು ಅಂಗಿ ಹೊರಗೆ ಕಾಣಿಸಿದರೂ ಸಹಿ ಮಾಡಿದವನ ನೌಕರಿ ಉಳಿಯುವುದಿಲ್ಲ.

ಶಾಖೆಯ ಮ್ಯಾನೇಜರ್ ಚಂದ್ರಕಾಂತ ಇದನ್ನು ಮೀಟಿಂಗಿನಲ್ಲಿ ಓದಿದಾಗ ಮೂವತ್ತಾರು ಮಂದಿ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಗುರಲಿಂಗಪ್ಪನವರು ಒಬ್ಬರೇ ಎದ್ದು ನಿಂತರು. ಹದಿನಾಲ್ಕು ವರ್ಷದಿಂದ 'ಸ್ಟೋರ್ ಗುರಲಿಂಗಪ್ಪ' ಅನ್ನಿಸಿಕೊಂಡು ಅವರಿಗೆ ಸಾಕಾಗಿತ್ತು. ಕೆಲಸ ತಾವು ಮಾಡುವುದಾಗಿಯೂ, ಆದರೆ ಇಂಥ ಕೆಲಸಕ್ಕೆ ಒಂದು ಹುದ್ದೆ ಅಂತ ಇದ್ದರೆ ಚೆನ್ನಾಗಿರುತ್ತದೆಂದೂ ಹೇಳಿದರು. ಪಗಾರ ಕೇಳದೆ ಹುದ್ದೆ ಮಾತ್ರ ಕೇಳುವ ಮನುಷ್ಯನನ್ನು ಚಂದ್ರಕಾಂತ ಅಲ್ಲಿಯವರೆಗೆ ಕಂಡಿರಲಿಲ್ಲ. ಅಲ್ಲೇ ಕೊಟ್ಟುಬಿಟ್ಟ.

ಮರುವಾರ ಮನೆಯ ಗೇಟಿಗೆ ಬೋರ್ಡು ಬಿತ್ತು: 'ಗುರಲಿಂಗಪ್ಪ, ಪರಿಸರ ಸಂಯೋಜಕರು.' ಬೋರ್ಡಿನ ಬಣ್ಣ ಒಣಗುವ ಮೊದಲೇ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರ್ ಸೈಫುದ್ದೀನ ಸಾಹೇಬರು ಬಂದು, ಇನ್ನು ಮುಂದೆ ತಮ್ಮ ಬೇವಿನ ಮರದ ಎಲೆ ಗುಡಿಸುವವರು ಯಾರು ಎಂದು ವಿಚಾರಿಸಿದರು. ಹಿಂದಿನ ಓಣಿಯವರು ಗಟಾರ ಕಟ್ಟಿಕೊಂಡಿದ್ದನ್ನು ವರದಿ ಮಾಡಿಹೋದರು. ಯಾರೋ ಒಬ್ಬರು ಸತ್ತ ಹೆಗ್ಗಣವನ್ನು ಚೀಟಿ ಸಮೇತ ಗೇಟಿನ ಮುಂದೆ ಇಟ್ಟಿದ್ದರು. ಹುದ್ದೆ ಎಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಗುರಲಿಂಗಪ್ಪನವರು ಹೆಗ್ಗಣವನ್ನು ತಾವೇ ಹುಗಿದು ಬಂದರು.

ಮೊದಲ ಭಾನುವಾರ ಅಂಗಿಗಳ ಮೂರು ಚೀಲ ಪಡಸಾಲೆಗೆ ಬಂದವು. ಹೆಂಡತಿ ಅಕ್ಕನಾಗಮ್ಮನ ಕತ್ತರಿ ಹಿಡಿದು ಕೂತರು. ಪಾಲಿಸ್ಟರ್ ಬಟ್ಟೆ ಕತ್ತರಿಗೆ ಜಗ್ಗಲಿಲ್ಲ. ಒಂದು ಅಂಗಿ ನೆಲ ಒರೆಸುವ ಅರಿವೆಯಾಗುವ ಹೊತ್ತಿಗೆ ಹೆಬ್ಬೆರಳಿಗೆ ಬೊಬ್ಬೆ ಎದ್ದಿತು. ಆ ಅರಿವೆಯೋ, ನೀರನ್ನು ಹೀರದೆ ಪಡಸಾಲೆಯ ತುಂಬ ಓಡಾಡಿಸಿತು. ಇನ್ನೂ ಎಪ್ಪತ್ತೈದು ಇವೆ ಎಂದು ನೆನೆದು ಗುರಲಿಂಗಪ್ಪನವರು ಕತ್ತರಿ ಕೆಳಗಿಟ್ಟರು. ಪ್ರಮಾಣಪತ್ರದ ಗಡುವು ಮಾತ್ರ ಸೋಮವಾರವೇ ಇತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೇನು ತಪ್ಪು ಎಂದುಕೊಂಡು, ಎಪ್ಪತ್ತಾರೂ ಅಂಗಿಗಳನ್ನು ನೆಲ ಒರೆಸುವ ಅರಿವೆಗಳನ್ನಾಗಿ ಪರಿವರ್ತಿಸಲಾಗಿದೆ ಎಂದು ಬರೆದು ಸಹಿ ಹಾಕಿ ಕಳಿಸಿದರು. ಉಳಿದವನ್ನು ನಿಧಾನಕ್ಕೆ ಕತ್ತರಿಸಿದರಾಯಿತು ಎಂದು ಚೀಲಗಳನ್ನು ಮಂಚದ ಕೆಳಗೆ ನೂಕಿದರು.

ಮುಂದಿನ ಶುಕ್ರವಾರ ಊಟಕ್ಕೆ ಮನೆಗೆ ಬಂದಾಗ ಪಡಸಾಲೆಯಲ್ಲಿ ಹೊಸದೊಂದು ಸ್ಟೀಲಿನ ಡಬರಿ ಹೊಳೆಯುತ್ತಿತ್ತು. ಎರಡು ಕೊಡ ನೀರು ಹಿಡಿಸುವಂಥದು. ಗುರಲಿಂಗಪ್ಪನವರು ಅದರಲ್ಲಿ ತಮ್ಮ ಮುಖ ನೋಡಿಕೊಂಡು ಮೀಸೆ ತೀಡಿ, ಆಮೇಲೆ ಬಗ್ಗಿ ಮಂಚದ ಕೆಳಗೆ ನೋಡಿದರು. ಕೆಳಗೆ ಬರೀ ನೆಲವಿತ್ತು.

"ಇಲ್ಲಿದ್ದ ಚೀಲ ಎಲ್ಲಿ?"

"ಭಾಂಡೆ ಮಾರೋ ಸೀತವ್ವಗ ಕೊಟ್ಟೆರಿ," ಎಂದಳು ಅಕ್ಕನಾಗಮ್ಮ. "ಮೊದಲು ಬರೇ ಡಬರಿ ಕೊಡ್ತೀನಿ ಅಂದಳು. ನಾ ಬಿಡಲಿಲ್ಲ. ಮುಚ್ಚಳಾನೂ ತಗೊಂಡೆ."

ಗುರಲಿಂಗಪ್ಪನವರು ನಿಂತಲ್ಲೇ ಕುಸಿದು ಕೂತರು. ತನ್ನ ಚೌಕಾಸಿ ಕಂಡು ಗಂಡನಿಗೆ ಸಂತೋಷ ತಡೆಯಲಾಗಿಲ್ಲ ಎಂದು ಅಕ್ಕನಾಗಮ್ಮ ತಿಳಿದಳು. ಇದು ಆ ಭಾಗದ ಮನೆಮನೆಯ ವ್ಯವಹಾರ. ತಲೆಯ ಮೇಲೆ ಪಾತ್ರೆ ಬುಟ್ಟಿ ಹೊತ್ತು ಬರುವವಳಿಗೆ ಹಳೆಯ ಬಟ್ಟೆ ಹಾಕಿ ಪಾತ್ರೆ ಇಳಿಸಿಕೊಳ್ಳುವುದರಲ್ಲಿ ಹೆಂಗಸಿನ ಜಾಣತನದ ಪರೀಕ್ಷೆಯೇ ಆಗುತ್ತದೆ. ಅಕ್ಕನಾಗಮ್ಮ ಆ ದಿನ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಗಂಡ ತನ್ನ ನೌಕರಿಗೇ ಸಂಚಕಾರ ಬಂತೆಂದು ಒದರಾಡಿದಾಗ ಅವಳು ಶಾಂತವಾಗಿಯೇ ಕೇಳಿದಳು, "ಹಳೇ ಅರಿವಿ ಮತ್ತೊಂದು ಉಪಯೋಗಕ್ಕ ಬರಬೇಕು ಅಂತ ನೀವೇ ಹೇಳಿದ್ರಿ. ಈಗ ಬಂತಲ್ಲ?"

ಸೀತವ್ವ ಹಳೆಯ ಬಟ್ಟೆಗಳನ್ನು ತಿಕೋಟಾ ಮತ್ತು ಬಬಲೇಶ್ವರದ ಸಂತೆಗಳಲ್ಲಿ ಹೊಲದ ಕೆಲಸದವರಿಗೆ ಮಾರುತ್ತಾಳೆಂದು ತಿಳಿಯಿತು. ಗುರಲಿಂಗಪ್ಪನವರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ, ಹಳ್ಳಿಯ ಹೊಲದಲ್ಲಿ ಯಾರು ಯಾವ ಅಂಗಿ ಹಾಕಿದರೆ ಪುಣೆಗೆ ಹೇಗೆ ಗೊತ್ತಾಗಬೇಕು ಎಂಬ ಸಮಾಧಾನ ಹುಟ್ಟಿ ಎರಡು ರೊಟ್ಟಿ ಹೆಚ್ಚಿಗೆ ಉಂಡರು. ಆ ಸಮಾಧಾನ ಸರಿಯಾಗಿ ಇಪ್ಪತ್ತು ದಿನ ಬಾಳಿತು.

ಇಪ್ಪತ್ತೊಂದನೆಯ ದಿನ ಆಫೀಸಿಗೆ ತಿಕೋಟಾದ ಆಚೆಯ ಒಂದು ವಸ್ತಿಯಿಂದ ಪತ್ರ ಬಂತು. ಅಲ್ಲಿಯ ಅಂಗನವಾಡಿಯ ಲಲಿತಾ ಟೀಚರ್ ವಸ್ತಿಯವರ ಪರವಾಗಿ ಬರೆದದ್ದು. ಹಳ್ಳಿಯಿಂದ ಪತ್ರ ಎಂದರೆ ದೂರು ಎಂದೇ ರೂಢಿಯಾಗಿದ್ದರಿಂದ ಗುಮಾಸ್ತ ಅದನ್ನು ಓದದೆ ದೂರಿನ ಫೈಲಿಗೆ ಸೇರಿಸಿದ್ದ. ಒಂದು ಪ್ರತಿ ಪುಣೆಗೂ ಹೋಗಿತ್ತು, ಪುಣೆಯವರು ಓದಿದರು. ಪತ್ರದಲ್ಲಿ ಹೀಗಿತ್ತು: 'ತಮ್ಮ ಕಂಪನಿಯ ಸಿದ್ದಲಿಂಗೇಶ ಅವರು ದಿನಾಲೂ ಮುಂಜಾನೆ ತಪ್ಪದೆ ಬಂದು ಫಿಲ್ಟರ್ ನೋಡಿಕೊಂಡು ಹೋಗುತ್ತಾರೆ. ಹೊಲಸು ತೆಗೆದು ನೀರು ಬಿಡುತ್ತಾರೆ. ಒಂದು ಕಪ್ಪು ಚಹಾ ಬಿಟ್ಟು ಏನೂ ಮುಟ್ಟುವುದಿಲ್ಲ. ಇಂಥವರನ್ನು ಕಳಿಸಿದ್ದಕ್ಕೆ ಕಂಪನಿಗೆ ಧನ್ಯವಾದ. ಅವರ ಕುರಿಗಳೂ ಬಹಳ ಶಿಸ್ತಿನವು.'

ಪುಣೆಯಿಂದ ಫೋನು ಬಂದ ಮೇಲೆ ಆಫೀಸಿನವರೂ ಪತ್ರವನ್ನು ಫೈಲಿನಿಂದ ತೆಗೆದು ಓದಿದರು. ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ಸಿದ್ದಲಿಂಗೇಶ. ತಿಕೋಟಾ ಭಾಗದ ಮೆಕ್ಯಾನಿಕ್ ಅವನೇ ಹೌದು. ವಾರಕ್ಕೊಮ್ಮೆ ಹೋಗಿ ಬಂದೆನೆಂದು ತಿಂಗಳು ತಿಂಗಳು ವರದಿ ಕೊಡುವವನೂ ಅವನೇ. ಆದರೆ ತಾನು ಇಷ್ಟು ಒಳ್ಳೆಯವನೆಂದು ಅವನಿಗೇ ಗೊತ್ತಿರಲಿಲ್ಲ. ಕುರಿಗಳ ವಿಷಯ ಏನೆಂದು ಚಂದ್ರಕಾಂತ ಕೇಳಿದ. ಹಳ್ಳಿಯ ಮಂದಿ ಪ್ರೀತಿಯಿಂದ ಏನೇನೋ ಬರೆಯುತ್ತಾರೆ ಎಂದು ಸಿದ್ದಲಿಂಗೇಶ ನಾಚಿದ. ಊಟದ ಹೊತ್ತಿನಲ್ಲಿ ಅವನು ಸ್ಟೋರಿನ ಬಾಗಿಲಲ್ಲಿ ನಿಂತು, ತಿಕೋಟಾದ ಆ ವಸ್ತಿಗೆ ಯಾವ ಹಾದಿ ಹಿಡಿದು ಹೋಗಬೇಕೆಂದು ಗುರಲಿಂಗಪ್ಪನವರನ್ನು ಮೆಲ್ಲಗೆ ಕೇಳಿದ.

ಗುರಲಿಂಗಪ್ಪನವರಿಗೆ ಹಳದಿ ಅಂಗಿಯ ಕಿಸೆ ನೆನಪಾಯಿತು. ಹೆಸರು ಎಲ್ಲಿಂದ ಹೋಯಿತೆಂದು ಅವರಿಗೊಬ್ಬರಿಗೆ ತಿಳಿಯಿತು. ಅಷ್ಟರಲ್ಲಿ ಇನ್ನೊಂದು ಸಿಡಿಲು ಬಡಿಯಿತು. ಪುಣೆಯಿಂದ ಐಶ್ವರ್ಯ ಎಂಬ ಅಧಿಕಾರಿಣಿ ಗುರುವಾರ ಬರುತ್ತಾಳೆ, ಆ ಮಾದರಿ ನೌಕರನನ್ನು ಅವನು ದುಡಿಯುವ ಜಾಗದಲ್ಲೇ ಸನ್ಮಾನಿಸುತ್ತಾಳೆ ಎಂದು ಚಂದ್ರಕಾಂತ ಸಾರಿದ. ಗುರುವಾರಕ್ಕೆ ಮೊದಲು ಆ ಅಂಗಿಯನ್ನು ವಾಪಸು ತಾರದಿದ್ದರೆ ತಮ್ಮ ಹದಿನಾಲ್ಕು ವರ್ಷದ ನೌಕರಿ ಮುಗಿದಂತೆಯೇ ಎಂದು ಗುರಲಿಂಗಪ್ಪನವರಿಗೆ ಖಚಿತವಾಯಿತು. ಬುಧವಾರ ಹಲ್ಲುನೋವೆಂದು ರಜೆ ಹಾಕಿ, ಒಂದಿಷ್ಟು ಗತ್ತಿರಲಿ ಎಂದು ಹೊಸ ನೀಲಿ ಅಂಗಿ ತೊಟ್ಟು, ಸ್ಕೂಟರಿನಲ್ಲಿ ಅಥಣಿ ರಸ್ತೆ ಹಿಡಿದರು.

ಹೊರಟದ್ದು ಒಂದು ಅಂಗಿಗಾಗಿ. ಆದರೆ ಊರ ಹೊರಗಿನ ಹೊಸ ಲೇಔಟುಗಳು ಮುಗಿಯುತ್ತಲೇ ಭಜಿ ಕರಿಯುವವನೊಬ್ಬ ಹಳದಿ ಅಂಗಿಯಲ್ಲಿ ಕಂಡ. ಬೆನ್ನ ಮೇಲೆ 'ನಿಮ್ಮ ಸೇವೆಯಲ್ಲಿ' ಎಂದಿತ್ತು, ಅದೇನೋ ಸರಿಯಾಗಿಯೇ ಇತ್ತು. ಮುಂದೆ ದ್ರಾಕ್ಷಿ ತೋಟದಲ್ಲಿ ನಾಲ್ಕು ಹೆಂಗಸರು, ಬಿಸಿಲಿಗೆ, ಬಳ್ಳಿಗೆ ಹೊಡೆಯುವ ಔಷಧಿಗೆ ಅಡ್ಡವಾಗಿ ಸೀರೆಯ ಮೇಲೆ ಗಂಡಸರ ಅಂಗಿ ತೊಡುವ ಅಲ್ಲಿಯ ರೂಢಿಯಂತೆ, ನಾಲ್ಕು ನೀರಿನ ಹನಿಗಳನ್ನು ಹೊತ್ತು ಬಳ್ಳಿ ಕಟ್ಟುತ್ತಿದ್ದರು. ಒಂದು ಎಮ್ಮೆಯ ಕರು ಕೂಡ ಕಂಪನಿಗೆ ಸೇರಿದಂತಿತ್ತು. ಜೋಳದ ಹೊಲವೊಂದರ ನಡುವೆ ಎರಡೂ ಕೈ ಚಾಚಿ, ಮಡಕೆಯ ತಲೆ ಹೊತ್ತು ನಿಂತವನ ಕಿಸೆಯ ಮೇಲೆ 'ಚಂದ್ರಕಾಂತ, ಬ್ರಾಂಚ್ ಮ್ಯಾನೇಜರ್' ಎಂದು ಓದಿದ ಗುರಲಿಂಗಪ್ಪನವರು ರೂಢಿಯ ಬಲದಿಂದ ಬೆದರುಗೊಂಬೆಗೆ ನಮಸ್ಕಾರ ಮಾಡಿ, ತಾವು ಮಾಡಿದ್ದೇನೆಂದು ಆಮೇಲೆ ತಿಳಿದು ಸ್ಕೂಟರಿನ ವೇಗ ಹೆಚ್ಚಿಸಿದರು.

ಆ ವಸ್ತಿಯಲ್ಲಿ ಹದಿನೈದಿಪ್ಪತ್ತು ಮನೆ. ನಡುವೆ ಬೇವಿನ ಮರ, ಮರಕ್ಕೊಂದು ಕಟ್ಟೆ, ಕಟ್ಟೆಯ ಪಕ್ಕದಲ್ಲಿ ಫಿಲ್ಟರಿನ ಖೋಲಿ. ಹಿಂದಿನ ತಿಂಗಳು ಎರಡು ತೋಟದ ಮೋಟಾರು ಕಳುವಾದಾಗಿನಿಂದ ವಸ್ತಿಯವರು ಹೊಸ ಮುಖ ಕಂಡರೆ ಸಾಕು ಮೈಯೆಲ್ಲ ಕಣ್ಣಾಗುತ್ತಿದ್ದರು. ಗುರಲಿಂಗಪ್ಪನವರು ಸ್ಕೂಟರ್ ನಿಲ್ಲಿಸಿ, ಅತ್ತ ಇತ್ತ ನೋಡಿ, ಮೆಲ್ಲಗೆ ಖೋಲಿಯೊಳಗೆ ಇಣುಕಿದರು. ಕಳ್ಳನಾದವನೂ ಅಷ್ಟು ಕಳ್ಳನಂತೆ ಇಣುಕುತ್ತಿರಲಿಲ್ಲ. ಹಿಂದಿನಿಂದ ಯಾರೋ ಅವರ ಅಂಗಿಯ ಕೊರಳಪಟ್ಟಿ ಹಿಡಿದರು. ತಿರುಗಿದರೆ ಸಕ್ರವ್ವ ಎಂಬ ಅರವತ್ತೈದರ ಮುದುಕಿ. ಆ ವಸ್ತಿಯಲ್ಲಿ ಅವಳ ಮಾತಿಗೆ ಎದುರಿಲ್ಲ.

"ಯಾರಪಾ ನೀ?"

"ಕಂಪನಿಯಾಂವ ರೀ, ಫಿಲ್ಟರ್ ಕಂಪನಿ."

"ಕಂಪನ್ಯಾವ್ರು ಹಳದಿ ಅಂಗಿ ಹಾಕ್ತಾರ. ನಿಂದು ನೀಲಿ ಐತಿ."

ಹಳದಿ ಈಗ ರದ್ದಾಗಿದೆ ಎನ್ನಲು ಗುರಲಿಂಗಪ್ಪನವರು ಬಾಯಿ ತೆರೆದು ಹಾಗೆಯೇ ಮುಚ್ಚಿದರು. ಹಾಗೆಂದರೆ ಹಳದಿ ಹೊರಗೆ ಹೇಗೆ ಬಂತೆಂದು ಹೇಳಬೇಕಾಗುತ್ತದೆ. ಎರಡೂ ಕಂಪನಿಯವೇ ಎಂದು ತೇಪೆ ಹಚ್ಚಿದರು. ಹಾಗಾದರೆ ನಮ್ಮ ಸಿದ್ದಲಿಂಗೇಶನ ಗುರುತು ಇರಬೇಕಲ್ಲ, ಅವನು ಹೇಗಿದ್ದಾನೆ ಹೇಳು ಎಂದಳು ಸಕ್ರವ್ವ. ಗುರಲಿಂಗಪ್ಪನವರು ಧೈರ್ಯವಾಗಿ ವರ್ಣಿಸಿದರು: ಕುಳ್ಳಗೆ, ಬೆಳ್ಳಗೆ, ದುಂಡಗೆ, ಮೂವತ್ತು ವಯಸ್ಸು, ಬಾಯಲ್ಲಿ ಸದಾ ಗುಟ್ಕಾ. ಸುತ್ತ ನೆರೆದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಸಿದ್ದಲಿಂಗೇಶ ಆರಡಿ ಎತ್ತರದ, ಕಪ್ಪು ಬಣ್ಣದ, ಬಿಳಿ ಗಡ್ಡದ, ಅರವತ್ತರ ಮನುಷ್ಯ.

ಗುರಲಿಂಗಪ್ಪನವರನ್ನು ಕಟ್ಟೆಯ ಮೇಲೆ ಕೂಡಿಸಿದರು. ಸ್ಕೂಟರಿನ ಕೀಲಿ ಸಕ್ರವ್ವನ ಸೊಂಟಕ್ಕೆ ಹೋಯಿತು. ಕಳ್ಳನಾದರೂ ಮನೆಬಾಗಿಲಿಗೆ ಬಂದವನೆಂದು ಒಂದು ಕಪ್ಪು ಚಹಾ ಕೊಟ್ಟರು. ಇವನು ಕಂಪನಿಯವನು ಹೌದೋ ಅಲ್ಲವೋ ಎಂದು ಕಂಪನಿಯವನೇ ಬಂದು ಹೇಳಲಿ ಎಂದು ಕರೆಕಳಿಸಿದರು. ಸ್ವಲ್ಪ ಹೊತ್ತಿಗೆ ಅರವತ್ತು ಎಪ್ಪತ್ತು ಕುರಿಗಳು ಸಾಲಾಗಿ ಬಂದು ಮರದ ನೆರಳಿನಲ್ಲಿ ನಿಂತವು. ಪತ್ರದಲ್ಲಿ ಬರೆದದ್ದು ಸುಳ್ಳಲ್ಲ, ಶಿಸ್ತಿನವೇ. ಅವುಗಳ ಹಿಂದೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮೈಮೇಲೆ ಹಳದಿ ಅಂಗಿ ತೊಟ್ಟ ಮನುಷ್ಯ ಬಂದ. ಈ ನೀಲಿಯವನು ನಿಮ್ಮವನೇ ಎಂದು ಅವನನ್ನು ಕೇಳಿದರು. ಅವನು ಗುರಲಿಂಗಪ್ಪನವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಈ ಮಾರಿ ತಾನು ಎಂದೂ ಕಂಡಿಲ್ಲ ಎಂದ. ಅದು ನಿಜವೇ ಆಗಿತ್ತು.

ಹೆಂಗಸರು ಕೊಡ ತುಂಬಲು ಹೋದಾಗ ಇಬ್ಬರೂ ಪಕ್ಕದಲ್ಲಿ ಕೂತರು. ಅವನ ಹೆಸರು ಅಮೋಘಿ. ಬಬಲೇಶ್ವರದ ಕಡೆಯ ಕುರಿಗಾರ. ಮೇವು ಹುಡುಕಿ ಈ ಕಡೆ ಬಂದಿದ್ದ. ಸಂತೆಯಲ್ಲಿ ಅಂಗಿ ಕೊಂಡ ಮರುದಿನವೇ ಈ ವಸ್ತಿಯ ಮುಂದೆ ಹಾದುಹೋಗುವಾಗ ಹೆಂಗಸರು ಖಾಲಿ ಕೊಡ ಹಿಡಿದು ಮುತ್ತಿದರು. ನೀರು ನಿಂತು ಏಳು ತಿಂಗಳಾಯಿತು, ಈಗ ಬಂದೆಯಾ ಎಂದು ಬೈದರು. ತಾನು ಕುರಿ ಕಾಯುವವನೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ತಪ್ಪಿಸಿಕೊಳ್ಳುವುದಕ್ಕೆ ಕಂಪನಿಯವರು ಇನ್ನೂ ಏನೇನು ಹೇಳುತ್ತಾರೋ ಎಂದರು. ಹೆಸರು ಅಮೋಘಿ ಎಂದರೆ ಮನೆಯಲ್ಲಿ ಹಾಗೆ ಕರೆಯುತ್ತಾರೇನೋ ಎಂದರು. ಕುರಿಗಳನ್ನು ತೋರಿಸಿದರೆ, ಪಾಪ, ಪಗಾರ ಸಾಲುವುದಿಲ್ಲ ಎಂದರು. ಬೇರೆ ದಾರಿ ಕಾಣದೆ ಯಂತ್ರ ತೆಗೆದ. ತೋಟದವರ ಪಂಪು ಪೈಪು ಅಷ್ಟಿಷ್ಟು ಬಿಚ್ಚಿ ಜೋಡಿಸಿದ ರೂಢಿ ಅವನಿಗಿತ್ತು. ಒಳಗೆ ಅಂಗೈ ದಪ್ಪ ರಾಡಿ ಕಟ್ಟಿತ್ತು, ತೊಳೆದ, ನೀರು ಬಂತು. ಅಂದಿನಿಂದ ಅವನು ಅತ್ತ ಹಾಯದಿದ್ದರೆ ವಸ್ತಿಯವರು ಹುಡುಕಿಕೊಂಡು ಬರುತ್ತಿದ್ದರು. ಬಬಲೇಶ್ವರದಲ್ಲಂತೂ ಹಳದಿ ಅಂಗಿ ತೊಟ್ಟು ಕಳೆ ಕೀಳುತ್ತಿದ್ದ ಕಸ್ತೂರಿ ಎಂಬವಳನ್ನೇ ಎಳೆದುಕೊಂಡು ಹೋಗಿ ಯಂತ್ರದ ಮುಂದೆ ನಿಲ್ಲಿಸಿದ್ದರಂತೆ. ಅವಳು ನೋಡಿದರೆ ಬರೀ ಸ್ವಿಚ್ಚು ಬಂದ್ ಆಗಿತ್ತಂತೆ. ಗುರಲಿಂಗಪ್ಪನವರು ಬಾಯಿ ತೆರೆದುಕೊಂಡೇ ಕೇಳಿದರು.

ಕೊನೆಗೆ ಅವರು ಕೈ ಮುಗಿದು, ಆ ಅಂಗಿಯ ಮೇಲೆ ತಮ್ಮ ಅನ್ನವಿದೆ, ದಯಮಾಡಿ ಬಿಚ್ಚಿ ಕೊಡಬೇಕೆಂದು ಬೇಡಿಕೊಂಡರು. ಅಮೋಘಿ, ಪಾಲಿಸ್ಟರ್ ಅಂಗಿಯಲ್ಲಿ ತನಗೂ ಸೆಕೆಯಾಗಿ ಸಾಕಾಗಿದೆ ಎಂದು ಗುಂಡಿ ಬಿಚ್ಚತೊಡಗಿದ. ಒಂದು ತೋಳು ಬಿಗಿಯಾಗಿ ಸಿಕ್ಕಿಕೊಂಡಿತು. ಗುರಲಿಂಗಪ್ಪನವರು ಎದ್ದು ನಿಂತು, ಒಂದು ಕಾಲು ಕಟ್ಟೆಗೆ ಒತ್ತು ಕೊಟ್ಟು ಅದನ್ನು ಎಳೆಯುತ್ತಿದ್ದಾಗ ಕಂಪನಿಯ ಜೀಪು ಬಂದು ನಿಂತಿತು. ಐಶ್ವರ್ಯ ಮೇಡಂ ಯಾರಿಗೂ ಸುಳಿವು ಕೊಡದೆ ಒಂದು ದಿನ ಮೊದಲೇ ಬಂದಿದ್ದಳು. ಮಾದರಿ ನೌಕರನನ್ನು ಕಾಣಲು ಬಂದವಳಿಗೆ ಮೊದಲು ಕಂಡದ್ದು ತನ್ನ ಪರಿಸರ ಸಂಯೋಜಕ ಮುದುಕನೊಬ್ಬನ ಮೈಮೇಲಿನ ಬಟ್ಟೆ ಕಿತ್ತುಕೊಳ್ಳುತ್ತಿರುವುದು.

ಜೀಪಿನಿಂದ ಐಶ್ವರ್ಯ ಇಳಿದಳು, ಚಂದ್ರಕಾಂತ ಇಳಿದ, ಕೈಯಲ್ಲಿ ತನ್ನ ಹಾರವನ್ನು ತಾನೇ ಹಿಡಿದುಕೊಂಡು ಸಿದ್ದಲಿಂಗೇಶ ಇಳಿದ. ಮೂವರೂ ನೀಲಿ.

"ಇಡೀ ಗ್ಯಾಂಗೇ ಬಂತು ನೋಡ್ರೇ," ಎಂದಳು ಸಕ್ರವ್ವ. ಜೀಪಿನ ಕೀಲಿಯೂ ಸೊಂಟ ಸೇರಿತು. ಮೂವರನ್ನೂ ಕಟ್ಟೆಯ ಮೇಲೆ ಸಾಲಾಗಿ ಕೂಡಿಸಿ, ಇನ್ನೂ ಮೂರು ಚಹಾ ಇಡಲು ಹೇಳಿದಳು.

ಐಶ್ವರ್ಯ ಅಥಣಿ ಕಡೆಯ ಮನೆತನದ ಹುಡುಗಿ, ಬೆಳೆದದ್ದು ಪುಣೆಯಲ್ಲಿ. ಅವಳು ಅಮೋಘಿಯ ಕಿಸೆಯ ಮೇಲಿನ ಹೆಸರು ಓದಿದಳು. ನಿಮ್ಮ ಹೆಸರೇನೆಂದು ಕೇಳಿದಳು. ಅವನು ಹೇಳಿದ. ಅವಳು ಸಿದ್ದಲಿಂಗೇಶನನ್ನು ನೋಡಿದಳು, ಸಿದ್ದಲಿಂಗೇಶ ಚಂದ್ರಕಾಂತನನ್ನು ನೋಡಿದ, ಚಂದ್ರಕಾಂತ ಗುರಲಿಂಗಪ್ಪನವರನ್ನು ನೋಡಿದ. ಗುರಲಿಂಗಪ್ಪನವರಿಗೆ ನೋಡಲು ಕುರಿಗಳ ಹೊರತು ಯಾರೂ ಉಳಿದಿರಲಿಲ್ಲ. ಇನ್ನು ಸುಳ್ಳು ಹೇಳಲು ತ್ರಾಣವಿಲ್ಲದೆ ಎಲ್ಲವನ್ನೂ ಒಪ್ಪಿಕೊಂಡರು: ಕತ್ತರಿಸಿದ್ದು ಒಂದೇ ಅಂಗಿ, ಬರೆದದ್ದು ಎಪ್ಪತ್ತಾರು, ಉಳಿದವಕ್ಕೆ ಹೆಂಡತಿ ಒಂದು ಡಬರಿ ತಗೊಂಡಳು.

ಎಲ್ಲರಿಗಿಂತ ಮೊದಲು ಮಾತು ಬಂದದ್ದು ಸಕ್ರವ್ವನಿಗೆ.

"ಎಪ್ಪತ್ತೈದು ಅಂಗಿಗೆ ಒಂದು ಡಬರಿ?"

ಮುಚ್ಚಳವೂ ಇತ್ತು ಎಂದು ಗುರಲಿಂಗಪ್ಪನವರು ಕ್ಷೀಣವಾಗಿ ಸೇರಿಸಿದರು. ಅದರಿಂದ ಉಪಯೋಗವಾಗಲಿಲ್ಲ. ಹೆಂಗಸರೆಲ್ಲ ತಲೆಯ ಮೇಲೆ ಕೈ ಹೊತ್ತರು. ಕಡಿಮೆ ಎಂದರೂ ಎರಡು ಡಬರಿ, ಒಂದು ತಪೇಲಿ ಬರಬೇಕಿತ್ತು ಎಂದು ಒಬ್ಬಳು, ಪೇಟೆಯ ಹೆಂಗಸರಿಗೆ ವ್ಯವಹಾರ ತಿಳಿಯುವುದಿಲ್ಲ ಎಂದು ಇನ್ನೊಬ್ಬಳು. ಐಶ್ವರ್ಯ ನಾಲ್ಕು ಸಲ ಏನೋ ಹೇಳಲು ಹೋಗಿ ನಾಲ್ಕು ಸಲವೂ ಸೋತಳು. ಸೀತವ್ವನ ವಿಚಾರಣೆ ಮುಗಿಯಲು ಅರ್ಧ ತಾಸು ಹಿಡಿಯಿತು.

ಗದ್ದಲ ತಗ್ಗಿದ ಮೇಲೆ ಐಶ್ವರ್ಯ ಯಂತ್ರದ ರಿಜಿಸ್ಟರ್ ತರಿಸಿದಳು. ಕಂಪನಿಯವರು ಬಂದಾಗಲೆಲ್ಲ ಊರವರಿಂದ ಅದರಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬೇಕೆಂಬ ನಿಯಮ; ಅಮೋಘಿಗೆ ಅದು ಗೊತ್ತಿರಲಿಲ್ಲ. ಲಲಿತಾ ಟೀಚರ್ ತಂದುಕೊಟ್ಟ ಆ ಪುಸ್ತಕ ಮೊದಲ ಪುಟದಿಂದ ಕೊನೆಯವರೆಗೆ ಬೆಳ್ಳಗಿತ್ತು. ತಿಂಗಳಿಗೆ ನಾಲ್ಕು ಭೇಟಿಯ ವರದಿ ಬರುತ್ತಿತ್ತಲ್ಲ ಎಂದು ಐಶ್ವರ್ಯ ಸಿದ್ದಲಿಂಗೇಶನ ಕಡೆ ತಿರುಗಿದಳು. ಅವನು ಹಾರವನ್ನು ಬೆನ್ನ ಹಿಂದೆ ಅಡಗಿಸಿದ. ಅದನ್ನು ಒಂದು ಕುರಿ ನಿಧಾನವಾಗಿ ತಿನ್ನತೊಡಗಿತು.

"ನೀವು ಏನರೆ ಹೇಳ್ರಿ, ನಾ ನಂಬಂಗಿಲ್ಲ," ಎಂದಳು ಸಕ್ರವ್ವ. "ಹಳದಿನೋ ನೀಲಿನೋ, ನಮಗೇನು? ಆ ಪೆಟ್ಟಿಗಿ ತೆಗದು ತೋರಸ್ರಿ. ತೆಗ್ಯಾಕ ಬಂದ್ರ ನೀವು ಕಂಪನ್ಯಾವ್ರು."

ಮೆಕ್ಯಾನಿಕ್ ಎಂದ ಮೇಲೆ ಸಿದ್ದಲಿಂಗೇಶನೇ ಮುಂದೆ ಹೋದ. ಏನನ್ನೋ ತಿರುಗಿಸಿದ. ನೀರು ಚಿಮ್ಮಿ ಚಂದ್ರಕಾಂತನಿಗೆ ಅಡಿಯಿಂದ ಮುಡಿಯವರೆಗೆ ಸ್ನಾನವಾಯಿತು. ಅಮೋಘಿ ಸಿದ್ದಲಿಂಗೇಶನನ್ನು ಮೆಲ್ಲಗೆ ಸರಿಸಿ, ನಲ್ಲಿ ಬಂದ್ ಮಾಡಿ, ಫಿಲ್ಟರಿನ ಡಬ್ಬಿ ಬಿಚ್ಚಿದ. ಗುರಲಿಂಗಪ್ಪನವರು ಬಗ್ಗಿ ನೋಡಿದರು. ಡಬ್ಬಿಯ ಬಾಯಿಗೆ ರಬ್ಬರ್ ರಿಂಗಿನ ಬದಲು ಸೈಕಲ್ ಟ್ಯೂಬನ್ನು ಕತ್ತರಿಸಿ ಸುತ್ತಿತ್ತು. ಸರಿಯಾದ ರಿಂಗು ಎಲ್ಲೂ ಸಿಗಲಿಲ್ಲ, ಇದು ಎರಡು ದಿನಕ್ಕೊಮ್ಮೆ ಹರಿಯುತ್ತದೆ, ಅದಕ್ಕೇ ದಿನಾ ಬರಬೇಕಾಗುತ್ತದೆ ಎಂದು ಅಮೋಘಿ ಹೇಳಿದ.

ಆ ದಿನದ ಆಘಾತಗಳಲ್ಲಿ ಇದೇ ದೊಡ್ಡದು. ಆ ರಿಂಗು ಗುರಲಿಂಗಪ್ಪನವರಿಗೆ ಗೊತ್ತು. ಹದಿನಾಲ್ಕನೆಯ ನಂಬರು, ಎಡಗಡೆಯ ಕಪಾಟು, ಕೆಳಗಿನ ಹಲಗೆ. ನಾನೂರು ರಿಂಗು ಎರಡು ವರ್ಷದಿಂದ ಬಿದ್ದಿವೆ. ಪ್ರತಿ ತಿಂಗಳು ಅವನ್ನು ಎಣಿಸಿ, ಒಂದೂ ಕಡಿಮೆಯಾಗಿಲ್ಲ ಎಂದು ಹೆಮ್ಮೆಯಿಂದ ಬರೆಯುತ್ತಿದ್ದರು. ಒಂದೂ ಕಡಿಮೆಯಾಗದಿದ್ದರೆ ಎಲ್ಲೋ ಯಾರೋ ಖಾಲಿ ಕೊಡ ಹಿಡಿದು ನಿಂತಿದ್ದಾರೆಂದು ಅವರಿಗೆ ಎಂದೂ ಹೊಳೆದಿರಲಿಲ್ಲ. ಪ್ರಮಾಣಪತ್ರದ ಸುಳ್ಳಿಗೆ ಅವರಿಗೆ ಹೆದರಿಕೆಯಾಗಿತ್ತು, ಇದಕ್ಕೆ ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂತು.

"ನಾ ನಾಳೆ ತಂದು ಹಾಕ್ತೀನಿ," ಎಂದರು.

ಸಕ್ರವ್ವ ಅವರನ್ನು ದಿಟ್ಟಿಸಿ ನೋಡಿದಳು. ಸೊಂಟದಿಂದ ಎರಡೂ ಕೀಲಿ ತೆಗೆದು ಕಟ್ಟೆಯ ಮೇಲಿಟ್ಟಳು.

"ಈಗ ನಂಬಿದೆ. ನಾಳೆ ಅಂದ ನೋಡ್ರಿ. ಇವರು ಕಂಪನ್ಯಾವ್ರ ಹೌದು."

ವಾಪಸಾಗುವ ಮೊದಲು ಐಶ್ವರ್ಯ ತೀರ್ಪು ಹೇಳಿದಳು. ಪ್ರಮಾಣಪತ್ರ ರದ್ದು, ಹುದ್ದೆಯೂ ರದ್ದು. ಸಿದ್ದಲಿಂಗೇಶನ ಹಳೆಯ ವರದಿಗಳೆಲ್ಲ ತನಿಖೆಗೆ. ಊರೂರಿಗೆ ಚೆದುರಿದ ಅಂಗಿಗಳನ್ನು ಯಾರ ಮೈಮೇಲಿಂದಲೂ ಕೀಳಬೇಕಾಗಿಲ್ಲ. ಗುರಲಿಂಗಪ್ಪನವರ ನೌಕರಿಯ ಮಾತು ಮಾತ್ರ ಮರುದಿನಕ್ಕೆ ಉಳಿಯಿತು. ನಾಳೆ ಎಂದಿದ್ದೀರಿ, ನಾಳೆಯೇ ರಿಂಗು ಹಾಕಬೇಕು; ಕಂಪನಿಯವರು ಬಂದು ಹಾಕಿದರೆಂದು ಊರವರು ಈ ರಿಜಿಸ್ಟರಿನಲ್ಲಿ ಬರೆದುಕೊಡಬೇಕು; ಅದರ ಫೋಟೋ ಸಂಜೆಯೊಳಗೆ ಪುಣೆಗೆ ಬಂದರೆ ಸರಿ, ಇಲ್ಲದಿದ್ದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದಳು.

ಗುರುವಾರ ಮುಂಜಾನೆ ಎಂಟಕ್ಕೆಲ್ಲ ಗುರಲಿಂಗಪ್ಪನವರು ವಸ್ತಿಯಲ್ಲಿದ್ದರು. ಚೀಲದ ತುಂಬ ರಿಂಗು. ಅಮೋಘಿ ಇನ್ನೂ ಬಂದಿರಲಿಲ್ಲ. ಹಿಂದಿನ ದಿನ ಕಂಡದ್ದನ್ನು ನೆನಪು ಮಾಡಿಕೊಂಡು, ಎರಡು ಸಲ ತಪ್ಪಿ, ಮೊಣಕೈಯವರೆಗೆ ರಾಡಿಯಾಗಿ ರಿಂಗು ಕೂಡಿಸಿದರು. ನಲ್ಲಿ ಬಿಟ್ಟರು. ಒಂದು ಹನಿಯೂ ಸೋರದೆ ನೀರು ಧಾರೆಯಾಗಿ ಬಂತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ಕಂಪನಿಯ ನೀರು ಕುಡಿದರು, ರುಚಿಯಾಗಿತ್ತು. ಆಮೇಲೆ ರಿಜಿಸ್ಟರ್ ತೆಗೆದು, ಕಂಪನಿಯವರು ಬಂದಿದ್ದರೆಂದು ಬರೆಸಿಕೊಡಬೇಕೆಂದು ಸಕ್ರವ್ವನ ಮುಂದೆ ಹಿಡಿದರು.

ಸಕ್ರವ್ವನ ಮುಖ ಗಂಭೀರವಾಯಿತು. ಅವಳು ಗುರಲಿಂಗಪ್ಪನವರನ್ನೂ ಅವರ ಕೈಗಡಿಯಾರವನ್ನೂ ನೋಡಿದಳು. ಹೆಂಗಸರು ಮತ್ತೆ ಗುಂಪುಗೂಡಿದರು.

"ಕಂಪನ್ಯಾವ್ರು ನಾಳೆ ಅಂದ್ರ ನಾಳೆ ಬರಂಗಿಲ್ಲ," ಎಂದಳು. "ನೀ ಬಂದಿ. ಖರೇ ಹೇಳು ತಮ್ಮಾ, ನೀ ಯಾರು?"

ಸ್ಕೂಟರಿನ ಕೀಲಿ ಮತ್ತೆ ಸೊಂಟಕ್ಕೆ ಹೋಯಿತು. ಗುರಲಿಂಗಪ್ಪನವರು ಅಳುವುದೊಂದು ಬಾಕಿ. ನೌಕರಿ ಉಳಿಯುವುದು ಆ ಒಂದು ಸಾಲಿನ ಮೇಲೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಸುಳ್ಳು ಬರೆಸುವವಳು ತಾನಲ್ಲ ಎಂದು ಸಕ್ರವ್ವ ಹೇಳಿದಳು. ಅಷ್ಟರಲ್ಲಿ ಕುರಿಗಳು ಬಂದವು, ಹಿಂದೆ ಅಮೋಘಿ ಬಂದ. ಅವನು ಡಬ್ಬಿ ಬಿಚ್ಚಿ ಹೊಸ ರಿಂಗನ್ನು ಬೆರಳಿನಿಂದ ಮುಟ್ಟಿ ನೋಡಿದ. ರಾಡಿಯಾದ ನೀಲಿ ಅಂಗಿಯನ್ನು ನೋಡಿದ.

"ಇವ್ರು ಕಂಪನ್ಯಾವ್ರಲ್ಲ ಬೇ," ಎಂದ. "ನಮ್ಮವ್ರು."

ಸಕ್ರವ್ವನಿಗೆ ಅದು ಸರಿ ಕಂಡಿತು. ಲಲಿತಾ ಟೀಚರ್ ಪೆನ್ನು ತೆಗೆದಳು. ಸಕ್ರವ್ವ ಹೇಳಿ ಬರೆಸಿ, ಹೆಬ್ಬೆಟ್ಟೊತ್ತಿ, ಪುಸ್ತಕವನ್ನು ಗುರಲಿಂಗಪ್ಪನವರ ಕೈಗಿತ್ತಳು. ಅವರು ಓದಿ ದಂಗಾಗಿ ಕಟ್ಟೆಯ ಮೇಲೆ ಕೂತರು. ಆ ಬಿಳಿಯ ಪುಸ್ತಕದ ಮೊದಲ ಸಾಲು ಹೀಗಿತ್ತು: 'ಇಂದು ಕಂಪನಿಯವರು ಯಾರೂ ಬರಲಿಲ್ಲ. ನೀರು ಬಂತು.'

ತಿದ್ದಿಸಲು ಅವರಿಗೆ ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದಂತೆಯೇ ಫೋಟೋ ತೆಗೆದು ಪುಣೆಗೆ ಕಳಿಸಿ, ವಸ್ತಿಯವರು ಕೊಟ್ಟ ಚಹಾ ಕುಡಿಯುತ್ತ ನೌಕರಿಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟರು. ಕಪ್ಪು ಖಾಲಿಯಾಗುವುದರೊಳಗೆ ಐಶ್ವರ್ಯಳ ಉತ್ತರ ಬಂತು.

'ಮುಂದಿನ ವಾರವೂ ಹೋಗಿ, ಇದನ್ನೇ ಬರೆಸಿಕೊಂಡು ಬನ್ನಿ.'